ಮಾವಿನ ಗೊರಟು: ಯಾವುದು ತಾಯಿಯಂತೆ, ಯಾವುದು ಬೆರಕೆ?



ಹಣ್ಣು ರುಚಿಯಾಗಿತ್ತೆಂದು ಅದರ ಗೊರಟನ್ನೇ ಹೊಲದ ಬದುವಿನಲ್ಲಿ ಊರುವ ವಾಡಿಕೆ ನಮ್ಮ ಹಳ್ಳಿಗಳಲ್ಲುಂಟು. ಆರೇಳು ವರ್ಷ ನೀರೆರೆದು ಕಾಯ್ದ ಮೇಲೆ ಬಂದ ಹಣ್ಣು ಹುಳಿಯಾದರೆ, ಕಳೆದ ಕಾಲ ಮರಳಿ ಬಾರದು. ಊರುವ ಮೊದಲೇ ಗೊರಟಿನ ಗುಣ ತಿಳಿಯಿರಿ.

ಬೆರಕೆ ಆಗುವುದು ಹೇಗೆ?

ಮಾವಿನ ಹೂಗೊಂಚಲಿನಲ್ಲಿ ಬರೀ ಗಂಡು ಹೂಗಳೂ, ಗಂಡು ಹೆಣ್ಣು ಎರಡೂ ಭಾಗಗಳುಳ್ಳ ಹೂಗಳೂ ಇರುತ್ತವೆ. ನೊಣ ಮೊದಲಾದ ಕೀಟಗಳು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತವೆ. ಪರಾಗದ ಕಣ ಬೆಳೆಯುವಾಗ ತಂದೆಮರದ ಗುಣಗಳಲ್ಲಿ ಅರ್ಧ ಪಾಲು ಮಾತ್ರ ಅದಕ್ಕೆ ಸೇರುತ್ತದೆ. ಒಂದು ಕಣದ ಪಾಲು ಇನ್ನೊಂದರ ಪಾಲಿನಂತಿರದು. ತಾಯಿಮರದ ಅಂಡದಲ್ಲಿಯೂ ಹೀಗೆಯೇ. ಇವೆರಡೂ ಕೂಡಿ ಮೊಳಕೆಯಾಗುವುದರಿಂದ ಒಂದೇ ಮರದ ಎರಡು ಗೊರಟುಗಳು ಸಹ ಒಂದೇ ಬಗೆಯ ಗಿಡ ಕೊಡುವುದಿಲ್ಲ. ಬಾದಾಮಿ, ತೋತಾಪುರಿ, ನೀಲಂ ತಳಿಗಳು ಈ ಗುಂಪಿನವು. ಇವುಗಳನ್ನು ಕಸಿ ಮಾಡಿಯೇ ಬೆಳೆಸತಕ್ಕದ್ದು.

ಬೆರಕೆ ಯಾವಾಗಲೂ ಕೆಟ್ಟದ್ದಲ್ಲ. ನೀಲಂ ಮತ್ತು ದಶೇರಿ ತಳಿಗಳನ್ನು ಕೂಡಿಸಿಯೇ ಮಲ್ಲಿಕಾ ಮಾವನ್ನು ಪಡೆದರು. ಆದರೆ ಅದು ಅನೇಕ ಗಿಡಗಳಿಂದ ಆರಿಸುವ ಸಂಶೋಧಕರ ಕೆಲಸ.

ತಾಯಿಯಂತೆ ಹುಟ್ಟುವ ಗೊರಟು

ಪಶ್ಚಿಮ ಕರಾವಳಿಯ ಓಲೂರು, ಚಂದ್ರಕಾರನ್, ಬಪ್ಪಕಾಯಿ ಮುಂತಾದ ತಳಿಗಳ ಸಂಗತಿ ಬೇರೆ. ಇವುಗಳ ಒಂದೇ ಗೊರಟಿನಿಂದ ಹಲವು ಸಸಿಗಳು ಏಳುತ್ತವೆ. ಕಾಯಿ ಕಟ್ಟಲು ಇಲ್ಲಿಯೂ ಸಾಮಾನ್ಯವಾಗಿ ಪರಾಗ ಬೇಕು. ಆದರೆ ಬೀಜದೊಳಗೆ ತಾಯಿಮರದ ಮೈಭಾಗದಿಂದಲೇ ಬೇರೆ ಮೊಳಕೆಗಳು ಹುಟ್ಟುತ್ತವೆ. ಇವುಗಳಲ್ಲಿ ತಂದೆಯ ಪಾಲಿಲ್ಲ; ಸಸಿಗಳು ತಾಯಿಯ ಪಡಿಯಚ್ಚು. ಪರಾಗದಿಂದ ಹುಟ್ಟಿದ ಒಂದು ಬೆರಕೆ ಸಸಿ ಇವುಗಳ ನಡುವೆ ಇರಲೂಬಹುದು.

ನೀವು ಮಾಡಬೇಕಾದುದು

1. ಗೊರಟು ಬೇಗ ಜೀವ ಕಳೆದುಕೊಳ್ಳುವುದು. ಹಣ್ಣು ತಿಂದ ಕೆಲವೇ ದಿನಗಳಲ್ಲಿ ಮಡಿಯಲ್ಲಿ ಊರಿರಿ.

2. ಹಲವು ಚಿಗುರು ಕಂಡರೆ ಮಣ್ಣು ಸರಿಸಿ ನೋಡಿರಿ. ಪ್ರತಿ ಚಿಗುರಿಗೂ ತನ್ನದೇ ಬೇರಿದ್ದರೆ ಮಾತ್ರ ಅವು ಬೇರೆ ಬೇರೆ ಸಸಿಗಳು. ಒಂದೇ ಬೇರಿನಿಂದ ಕವಲೊಡೆದಿದ್ದರೆ ಅದು ಒಂದೇ ಸಸಿ.

3. ಸಸಿಗಳನ್ನು ಬೇರು ಹರಿಯದಂತೆ ಬಿಡಿಸಿ ನೆಡಿರಿ. ಎಲ್ಲಕ್ಕಿಂತ ತೀರ ಕುಳ್ಳಾದ, ತೀರ ಎತ್ತರವಾದ, ಎಲೆಯ ರೂಪ ಬೇರೆಯಾದ ಸಸಿಗಳನ್ನು ಕಿತ್ತುಹಾಕಿರಿ.

4. ಉಳಿದ ಸಸಿಗಳ ಮೇಲೆ ಬಾದಾಮಿಯಂಥ ತಳಿಯ ಕಸಿ ಕಟ್ಟಿರಿ. ಬೇರುಸಸಿಗಳೆಲ್ಲ ಒಂದೇ ಗುಣದವಾದರೆ ತೋಟವೂ ಹೆಚ್ಚುಕಡಿಮೆ ಸಮನಾಗಿ ಬೆಳೆಯುವುದು.

ಇನ್ನೊಂದು ಮಾತು: ತಾಯಿಯಂತೆ ಹುಟ್ಟುವ ಗೊರಟೆಂದರೆ ಒಳ್ಳೆಯ ಹಣ್ಣಿನ ಗೊರಟೆಂದೇ ಅರ್ಥವಲ್ಲ. ತಾಯಿಯ ಹಣ್ಣು ಹುಳಿಯಾದರೆ ಮಗಳದೂ ಹುಳಿಯೇ. ಮೊದಲು ತಾಯಿಮರವನ್ನು ನೋಡಿ, ಆಮೇಲೆ ಗೊರಟನ್ನು ಆರಿಸಿರಿ.