ಸಂಜೆಯ ಪ್ರಸಾರ ಮತ್ತು ಅಚ್ಚಾದ ಕಾರ್ಯಕ್ರಮಪಟ್ಟಿ: ಕೊಕ್ಕರೆ ಬೆಳ್ಳೂರಿನಿಂದ ಒಂದು ನೋಟ

ಕನ್ನಡ ಸಮೂಹ ಮಾಧ್ಯಮಗಳ ಚರಿತ್ರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಸಂಸ್ಥೆಗಳ ಹಾಗೂ ಜನಪ್ರಿಯ ಧಾರಾವಾಹಿಗಳ ಸುತ್ತಲೇ ತಿರುಗಿದೆ. ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತಿದ್ದ 'ಇಂದಿನ ಕಾರ್ಯಕ್ರಮ'ವನ್ನು ಆಕರವೆಂದು ಪರಿಗಣಿಸಿದವರು ವಿರಳ. ಆದರೆ ಸಂಜೆಯ ಯಾವ ಹೊತ್ತು ಯಾವ ಭಾಷೆಗೆ ಸಂದಿತು ಎಂಬುದಕ್ಕೆ ಅಷ್ಟು ನೇರವಾದ ದಾಖಲೆ ಬೇರೆ ಸಿಗಲಾರದು. ಅದನ್ನು ಓದುವ ನೆಲೆಯಾಗಿ ಇಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಇರಿಸಿಕೊಳ್ಳಲಾಗಿದೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳಿಗಾಗಿ ಹೆಸರಾದ ಈ ಊರು ಬೆಂಗಳೂರು, ಮೈಸೂರುಗಳ ನಡುವಿನದು. ಎಂದರೆ ಕನ್ನಡದ ಎರಡು ಪ್ರಸಾರ ಕೇಂದ್ರಗಳ ನಡುವಿನದು.

ಪಟ್ಟಿಯ ಅಚ್ಚು ಸಿದ್ಧವಾದುದು ಬಾನುಲಿಯ ಕಾಲದಲ್ಲಿ. ಇಂಗ್ಲೆಂಡಿನಲ್ಲಿ 'ರೇಡಿಯೋ ಟೈಮ್ಸ್' 1923ರಲ್ಲಿಯೂ ಭಾರತದಲ್ಲಿ 'ಇಂಡಿಯನ್ ರೇಡಿಯೋ ಟೈಮ್ಸ್' 1927ರಲ್ಲಿಯೂ ಆರಂಭವಾದವು. 1935ರಲ್ಲಿ ಬಂದ 'ಇಂಡಿಯನ್ ಲಿಸನರ್' 1958ರಲ್ಲಿ 'ಆಕಾಶವಾಣಿ' ಎಂಬ ಹೆಸರು ತಳೆಯಿತು. ಈ ಹೆಸರಿನ ಬೇರು ಮೈಸೂರಿನಲ್ಲಿದೆ: 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಪ್ರಯತ್ನದಿಂದ ತೆರೆದ ಕೇಂದ್ರ ಅದನ್ನು ಹೊತ್ತಿತು. ಕನ್ನಡ ಪತ್ರಿಕೆಗಳು ಕೇಂದ್ರದ ಹೆಸರು, ಗಂಟೆ, ಕಾರ್ಯಕ್ರಮ ಎಂಬ ಕ್ರಮದಲ್ಲಿ ಕ್ರಿಯಾಪದವೇ ಇಲ್ಲದ ಒಂದು ಸಂಕ್ಷಿಪ್ತ ಗದ್ಯವನ್ನು ರೂಢಿಸಿದವು. ದೂರದರ್ಶನ ಬಂದಾಗ ಆ ಗದ್ಯವೇ ಅದಕ್ಕೂ ಒದಗಿತು.

ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಮೊದಲು ಬಂದುದು ರಾಜಧಾನಿಯಿಂದಲ್ಲ, ಉಪಗ್ರಹದಿಂದ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿದ್ದವು. ನಮ್ಮಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಮಂಡ್ಯದ ಸೀಮೆಗೆ ಆ ಭಾಗ್ಯವಿರಲಿಲ್ಲ. ಬೆಂಗಳೂರಿನಲ್ಲಿ ಪ್ರಸಾರ 1981ರ ನವೆಂಬರಿನಲ್ಲಿ ಆರಂಭವಾಯಿತು. ಮರುವರ್ಷ ಆಗಸ್ಟ್ 15ರಂದು ವರ್ಣದೊಡನೆ ರಾಷ್ಟ್ರೀಯ ಕಾರ್ಯಕ್ರಮವೂ ಬಂದಿತು. ಕನ್ನಡದ ದೃಷ್ಟಿಯಿಂದ ನಿರ್ಣಾಯಕವಾದುದು ಈ ಎರಡನೆಯ ದಿನ. ರಾತ್ರಿ ಎಂಟೂವರೆಯ ಆಸುಪಾಸಿನಿಂದ ಮುಂದಿನ ಹೊತ್ತು ದೆಹಲಿಯದಾಯಿತು. ಕನ್ನಡಕ್ಕೆ ಅದಕ್ಕೂ ಮುಂಚಿನ ಮುಸ್ಸಂಜೆ ಉಳಿಯಿತು.

ಪೇಟೆಯಲ್ಲಿ ಇದು ಅಂತಹ ನಷ್ಟವೆನಿಸದಿರಬಹುದು. ಮದ್ದೂರು, ಮಳವಳ್ಳಿಗಳ ರೈತರ ಮನೆಯಲ್ಲಿ ಮುಸ್ಸಂಜೆಯೆಂದರೆ ದನ ಕಟ್ಟುವ, ಹಾಲು ಕರೆಯುವ, ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ, ಒಲೆ ಹಚ್ಚುವ ಹೊತ್ತು. ಕೈ ಬಿಡುವಾಗುವುದು ಉಂಡ ಮೇಲೆ. ಆಗ ತೆರೆಯ ಮೇಲಿದ್ದುದು ಹಿಂದಿ. 1984ರ 'ಹಮ್ ಲೋಗ್', 1986ರ 'ಬುನಿಯಾದ್' ಇಂತಹ ಹೆಸರುಗಳನ್ನು ಕನ್ನಡ ಪತ್ರಿಕೆಗಳು ಅನುವಾದಿಸದೆ ಕನ್ನಡ ಲಿಪಿಯಲ್ಲಿಯೇ ಕೊಟ್ಟವು; 'ಸಮಾಚಾರ್' ಮಾತ್ರ 'ಹಿಂದಿ ವಾರ್ತೆ'ಯಾಯಿತು. ಅರ್ಥ ತಿಳಿಯದಿದ್ದರೂ ಹೆಸರನ್ನು ಓದಿ ಹೇಳಬಲ್ಲ ಒಂದು ಸಾಕ್ಷರತೆ ಈ ಅಂಕಣದಿಂದಲೂ ಬೆಳೆದಿರಬೇಕು. ಹೇರಿಕೆಯ ಚರ್ಚೆಯಲ್ಲಿ ನಾವು ಶಾಲೆ ಮತ್ತು ಕಚೇರಿಗಳನ್ನಷ್ಟೇ ನೋಡಿದ್ದೇವೆ, ಗಡಿಯಾರವನ್ನು ನೋಡಿಲ್ಲ.

ಆದರೂ ಈ ಆಕರವನ್ನು ಎಚ್ಚರದಿಂದ ಬಳಸಬೇಕು. ಪಟ್ಟಿ ಹೇಳುವುದು ಪ್ರಸಾರವಾಗಲಿದ್ದುದನ್ನು, ಪ್ರಸಾರವಾದುದನ್ನಲ್ಲ. 1984ರ ಅಕ್ಟೋಬರ್ 31, ಬುಧವಾರ, ಬೆಳಿಗ್ಗೆ ಓದುಗರ ಕೈಸೇರಿದ ಪತ್ರಿಕೆ ಹಿಂದಿನ ರಾತ್ರಿಯೇ ಅಚ್ಚಾಗಿತ್ತು. ಇಂದಿರಾ ಗಾಂಧಿಯವರ ಹತ್ಯೆಯಿಂದ ಆ ಸಂಜೆಯ ಕ್ರಮವೆಲ್ಲ ಮುರಿದುಬಿದ್ದಿತು. ಪಟ್ಟಿಯನ್ನೇ ನಂಬಿದ ಸಂಶೋಧಕ ಅಂದು ಎಂದಿನ ಮನರಂಜನೆಯಿತ್ತೆಂದು ಬರೆದಾನು. ಹಳ್ಳಿಯ ಮಟ್ಟಿಗೆ ಇನ್ನೊಂದು ಅಂತರವುಂಟು: ವಿದ್ಯುತ್ ಹೋದ ಸಂಜೆಗಳು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಶಾಸನಪಾಠವನ್ನು ಸ್ಥಳಪರಿಶೀಲನೆಯೊಡನೆ ಹೋಲಿಸುವ ಶಿಸ್ತು ಇಲ್ಲಿಯೂ ಸಲ್ಲುತ್ತದೆ.

1994ರಲ್ಲಿ ಉದಯ ಟಿವಿ, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂದ ಬಳಿಕ ಉಂಡ ನಂತರದ ಹೊತ್ತು ಕನ್ನಡಕ್ಕೆ ಮರಳಿತು. ಅದನ್ನು ಮರಳಿಸಿದುದು ಭಾಷಾನೀತಿಯಲ್ಲ, ಜಾಹೀರಾತು ಮಾರುಕಟ್ಟೆ ಎಂಬುದು ನಮ್ಮ ವಿದ್ವತ್ತಿಗೆ ಸ್ವಲ್ಪ ಮುಜುಗರದ ಸಂಗತಿಯೇ. ವಿಚಿತ್ರವೆಂದರೆ ಪಟ್ಟಿಯ ಅಗತ್ಯ ಕುಗ್ಗಿದುದೂ ಆಗಲೇ. ವಾರಕ್ಕೊಂದು ಕಂತಿನ ಧಾರಾವಾಹಿಗೆ ದಿನ, ಗಂಟೆ ನೋಡಿಕೊಳ್ಳಬೇಕಿತ್ತು. ದಿನವೂ ಅದೇ ಗಂಟೆಗೆ ಬರುವುದಕ್ಕೆ ಪತ್ರಿಕೆ ಬೇಕಿಲ್ಲ. 2013ರಲ್ಲಿ ಬೆಂಗಳೂರು, ಮೈಸೂರುಗಳ ಕೇಬಲ್ ಡಿಜಿಟಲೀಕರಣಗೊಂಡ ಮೇಲೆ ಪಟ್ಟಿ ತೆರೆಯ ಮೇಲೆಯೇ ಮೂಡತೊಡಗಿತು, ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿ.

ಅಚ್ಚಾದ ಪಟ್ಟಿಗಳು ಗ್ರಂಥಾಲಯಗಳ ಪತ್ರಿಕಾ ಸಂಪುಟಗಳಲ್ಲಿವೆ. ಲೇಖನಗಳನ್ನು ಕತ್ತರಿಸಿ ಅಂಟಿಸಿಟ್ಟ ಸಂಗ್ರಹಗಳಲ್ಲಿ ಅವು ಸಿಗುವುದಿಲ್ಲ. ಕತ್ತರಿ ಹಿಡಿದವರು ಅಂಕಣದ ಅಂಚಿನಲ್ಲಿಯೇ ನಿಲ್ಲುತ್ತಾರೆ. 1981ರಿಂದ 1994ರವರೆಗಿನ ಸಂಪುಟಗಳಿಂದ ವರ್ಷಕ್ಕೊಂದು ವಾರದ ಪಟ್ಟಿಯನ್ನು ನಕಲು ಮಾಡಿಕೊಂಡು, ಆ ಸಂಜೆಗಳನ್ನು ನೆನೆಯಬಲ್ಲ ಕೊಕ್ಕರೆ ಬೆಳ್ಳೂರಿನ ಹಿರಿಯರ ಮುಂದೆ ಓದುವುದರಿಂದ ಕ್ಷೇತ್ರಕಾರ್ಯವನ್ನು ಆರಂಭಿಸಬಹುದು. ಹಕ್ಕಿಗಳು ಗೂಡು ಕಟ್ಟುವ, ಊರಿಗೆ ಹೊರಗಿನವರ ಓಡಾಟ ಹೆಚ್ಚುವ ತಿಂಗಳುಗಳನ್ನು ಬಿಟ್ಟು ಹೋಗುವುದು ಒಳ್ಳೆಯದು.