ಶಿಲಾ ಸಮಾಧಿಗಳು: ಮೂಡುಕೊಣಾಜೆಯಿಂದ ಹೆಗ್ರಾವರೆಗೆ

ಸಮಾಧಿ ವಾಸ್ತುಶಿಲ್ಪ ಎಂದೊಡನೆ ಅಭ್ಯರ್ಥಿಗಳಿಗೆ ಹೊಳೆಯುವುದು ಜೋರ್ಡಾನಿನ ಪೆಟ್ರಾ. ಆದರೆ ವಿಟ್ಲ, ಬಂಟ್ವಾಳದ ಆಸುಪಾಸಿನವರು ಮೊದಲು ಮೂಡುಬಿದಿರೆ ಸಮೀಪದ ಮೂಡುಕೊಣಾಜೆಯನ್ನು ತಿಳಿದಿರಬೇಕು. ಇಲ್ಲಿನ ಬೃಹತ್ ಶಿಲಾಯುಗದ ನೆಲೆಯನ್ನು 1980ರ ದಶಕದಲ್ಲಿ ಬೆಳಕಿಗೆ ತಂದವರು ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್. ಆಗ 9 ಕಲ್ಮನೆ ಸಮಾಧಿಗಳಿದ್ದವು. ಸುಸ್ಥಿತಿಯಲ್ಲಿ ಉಳಿದಿರುವುದು ಎರಡೇ ಎಂಬುದು ನೋವಿನ ಸಂಗತಿ. 2023ರಲ್ಲಿ ಪ್ರೊ. ಟಿ. ಮುರುಗೇಶಿ ಇಲ್ಲಿ ಸುಟ್ಟ ಮಣ್ಣಿನ ಮೂರ್ತಿಗಳನ್ನು ಪತ್ತೆಹಚ್ಚಿದರು: ಗೂಳಿ, ನವಿಲು, ಕುದುರೆ, ಮಾತೃದೇವತೆ. ಅವುಗಳ ಅಂದಾಜು ಕಾಲ ಕ್ರಿ.ಪೂ. 800–700.

ಕಲ್ಮನೆ ಎಂದರೆ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ ಕೋಣೆ. ಒಂದು ಬದಿಯ ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ ಇರುವುದುಂಟು. ಜನರ ಬಾಯಲ್ಲಿ ಇದು ಪಾಂಡವರ ಮನೆ.

ಕೆತ್ತಿದ ಸಮಾಧಿಗಳು ಬೇರೆಯೇ ಬಗೆ. ಕರಾವಳಿಯಲ್ಲಿ, ಕಾಸರಗೋಡಿನಿಂದ ತೆಂಕಣಕ್ಕೆ ಹೆಚ್ಚಾಗಿ, ಮುರಕಲ್ಲನ್ನು ಕೊರೆದು ಗುಮ್ಮಟದಾಕಾರದ ನೆಲಗುಹೆ ಮಾಡುತ್ತಿದ್ದರು. ಹೊರಗೆ ಅಲಂಕಾರವಿಲ್ಲ.

ಪೆಟ್ರಾವನ್ನು ಕೆತ್ತಿದ ನಬಟೇಯರದು ಇದಕ್ಕೆ ವಿರುದ್ಧ: ಮರಳುಗಲ್ಲಿನ ಬಂಡೆಯ ಮುಖವನ್ನು ಮೇಲಿನಿಂದ ಕೆಳಕ್ಕೆ ಕಡಿದು ಭವ್ಯ ಮುಂಭಾಗ, ಒಳಗೆ ಸರಳ ಕೋಣೆ. ಸೌದಿಯ ಹೆಗ್ರಾದಲ್ಲಿ 111 ಬೃಹತ್ ಸಮಾಧಿಗಳಿದ್ದು, 94 ಅಲಂಕೃತ. ವಿಶ್ವ ಪರಂಪರೆ ಪಟ್ಟಿ: ಪೆಟ್ರಾ 1985, ಹೆಗ್ರಾ 2008. ನಬಟೇಯ ರಾಜ್ಯ ರೋಮಿನ ವಶವಾದದ್ದು ಕ್ರಿ.ಶ. 106.

ಕಲ್ಮನೆ ಕಟ್ಟಿದ್ದು, ನಬಟೇಯ ಸಮಾಧಿ ಕೆತ್ತಿದ್ದು. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಈ ವ್ಯತ್ಯಾಸ ಮರೆಯಬೇಡಿ.