ಪರದೇಶದ ಅಂತರ್ಜಾಲ ಪೇಟೆಗಳಲ್ಲಿ ಮೆಣಸಿನಕಾಯಿಯ ಮಾರಾಟ

ಬ್ಯಾಡಗಿ ಮೆಣಸಿನಕಾಯಿಯನ್ನು ಊರಿನಿಂದಲೇ ಪರದೇಶದ ಗಿರಾಕಿಗೆ ಮಾರುವುದು ಈಗ ಸಾಧ್ಯವಾಗಿದೆ. ಆದರೆ ಅಮೆಜಾನ್ ಮುಂತಾದ ಅಂತರ್ಜಾಲ ಪೇಟೆಗಳು ಎಲ್ಲ ದೇಶಗಳಿಗೂ ಒಂದೇ ಅಲ್ಲ. ಅಮೆರಿಕ, ಜರ್ಮನಿ, ಜಪಾನ್ ದೇಶಗಳಿಗೆ ಬೇರೆ ಬೇರೆ ಪೇಟೆಗಳುಂಟು. ಅವುಗಳ ನಾಣ್ಯ, ಭಾಷೆ, ತೆರಿಗೆಗಳೂ ಬೇರೆ. ಜರ್ಮನಿಗೆ ಹೋಗುವ ಪೊಟ್ಟಣದ ಮೇಲಿನ ವಿವರವು ಜರ್ಮನ್ ಭಾಷೆಯಲ್ಲಿರತಕ್ಕದ್ದು.

ಮುಖ್ಯವಾದ ಕಟ್ಟಳೆಯು ಹೊಲಕ್ಕೆ ಸಂಬಂಧಿಸಿದ್ದು. ಯೂರೋಪ್ ಒಕ್ಕೂಟದಲ್ಲಿ, ಪ್ರತ್ಯೇಕ ಮಿತಿ ಗೊತ್ತುಪಡಿಸದ ಕೀಟನಾಶಕದ ಶೇಷವು ಕಿಲೋಗ್ರಾಂ ಒಂದಕ್ಕೆ 0.01 ಮಿಲಿಗ್ರಾಂ, ಅಂದರೆ ಹತ್ತು ಕೋಟಿಯಲ್ಲಿ ಒಂದು ಪಾಲನ್ನು ಮೀರಕೂಡದು. ಮೀರಿದ ಸರಕನ್ನು ಹಿಂದಿರುಗಿಸಬಹುದು ಅಥವಾ ನಾಶಪಡಿಸಬಹುದು. ಒಣಗಿಸುವುದರಿಂದ ಈ ದೋಷವು ನೀಗದು.

ಆದುದರಿಂದ ಜಮೀನುದಾರರು—

1. ಸಿಂಪಡಿಸಿದ ಔಷಧ, ಪ್ರಮಾಣ, ತಾರೀಖುಗಳನ್ನು ಬರೆದಿಡತಕ್ಕದ್ದು.
2. ಕಳುಹಿಸುವ ಮೊದಲು ಪ್ರಯೋಗಾಲಯದಲ್ಲಿ ಮಾದರಿಯನ್ನು ಪರೀಕ್ಷೆ ಮಾಡಿಸತಕ್ಕದ್ದು.
3. ಆಮದು-ರಫ್ತು ಸಂಕೇತ ಸಂಖ್ಯೆಯನ್ನೂ ಸಾಂಬಾರ ಮಂಡಳಿಯ ನೋಂದಣಿಯನ್ನೂ ಪಡೆಯತಕ್ಕದ್ದು.
4. ಮೊದಲು ಒಂದೇ ದೇಶದ ಪೇಟೆಯನ್ನು ಆರಿಸಿಕೊಂಡು ಅದರ ಕಟ್ಟಳೆಗಳನ್ನು ಚೆನ್ನಾಗಿ ತಿಳಿದುಕೊಳ್ಳತಕ್ಕದ್ದು.

ಹಲವರ ಸರಕನ್ನು ಒಟ್ಟುಗೂಡಿಸಿ ಕಳುಹಿಸುವಲ್ಲಿ ಒಬ್ಬನ ಅಜಾಗರೂಕತೆಯಿಂದ ಊರಿನ ಸರಕೆಲ್ಲವೂ ತಿರಸ್ಕೃತವಾದೀತು. ಗ್ರಾಮದ ಮುಖಂಡರು ಇದನ್ನು ಬಿತ್ತನೆಗೆ ಮುಂಚೆಯೇ ಸಣ್ಣ ರೈತರಿಗೆ ಮನದಟ್ಟು ಮಾಡಿಸುವುದು ಲೇಸು.